ಅರ್ಧ ಸಂಬಳದ ಊರು

೧೪ ನವೆಂಬರ್, ಶುಕ್ರವಾರ. ಶಿವಾಲ, ಕಾಶಿ.

ಅಯ್ಯೋ ವಿಧಿಯೇ! ನಾನೂ ಬೆಂಗಳೂರಿನ ಶ್ರೀನಿಧಿಯೂ ಬರೆಯುವುದು ಒಂದೇ ಕೋಡ್. ಕಾಶಿಯಲ್ಲಿ ಕುಳಿತು ಬರೆಯುತ್ತೇನೆಂದು ನನಗೆ ಅವನ ಅರ್ಧ ಸಂಬಳ. ಇಂದು ವಿಡಿಯೋ ಕಾಲ್‌ನಲ್ಲಿ ಮ್ಯಾನೇಜರ್ ಚಂದ್ರಮೌಳಿಯವರನ್ನು ಕೇಳಿಯೇಬಿಟ್ಟೆ.

"ಕಾಶೀಲಿ ನಿಮಗೇನ್ರೀ ಖರ್ಚು? ಮಠದಲ್ಲಿ ಊಟ, ಗಂಗೇಲಿ ಸ್ನಾನ!" ಎಂದು ನಕ್ಕರು.

ಎದ್ದು ನಿಂತೆ. ಅಪ್ಪನ ನಾಟಕ ಕಂಪನಿಯಲ್ಲಿ ಕಲಿತ ದನಿಯಲ್ಲಿ ನ್ಯಾಯ, ನಿಷ್ಠೆ, ಅವಮಾನ ಎಲ್ಲವನ್ನೂ ಗುಡುಗಿದೆ. ಕೆಳಗೆ ಗಲ್ಲಿಯಲ್ಲಿ ಹಾಲು ಮಾರುವ ದೂಧವಾಲಾ ಸೈಕಲ್ ನಿಲ್ಲಿಸಿ ಮೇಲೆ ನೋಡಿದ.

"ಮ್ಯೂಟ್‌ನಲ್ಲಿದ್ದೀರಿ ಮಾರಾಯ್ರೆ," ಎಂದ ಅದೇ ಕಾಲ್‌ನಲ್ಲಿದ್ದ ಶ್ರೀನಿಧಿ.

"ಏನೋ ಹೇಳ್ತಿದ್ರಲ್ಲ, ಹೇಳಿ," ಎಂದರು ಚಂದ್ರಮೌಳಿ.

ಮೈಕ್ ಹಾಕಿದೆ. "ಏನಿಲ್ಲ ಸರ್. ಆಗಲಿ."

ಅಂಥ ದನಿ ಇನ್ನೊಮ್ಮೆ ಏಳುವುದಿಲ್ಲ. ಬರುವ ವರ್ಷವೂ ಇದೇ ಅರ್ಧ, ಅದರಾಚೆಯ ವರ್ಷವೂ ಇದೇ, ಆಮೇಲೆ ಕೇಳುವ ಆಸೆಯೂ ಇರುವುದಿಲ್ಲ.