ಮೂರನೆಯವರೂ ಒಲ್ಲೆ ಎಂದರು

ಪ್ರೀತಿಯ ಪುಟ್ಟೂ,

ನಮ್ಮ ವೈದ್ಯಕೀಯ ವಿಶ್ವವಿದ್ಯಾಲಯದ ನರವಿಜ್ಞಾನ ವಿಭಾಗಕ್ಕೆ ಮರೆವಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ಪ್ರಾಧ್ಯಾಪಕರನ್ನು ಹುಡುಕುತ್ತಿದ್ದೆನಲ್ಲ, ಮೂರನೆಯವರೂ ಒಲ್ಲೆ ಎಂದರು.

ಸಂದರ್ಶನ ಮುಗಿದ ಮೇಲೆ ಆಕೆಯನ್ನು ಮನೆಗೆ ಊಟಕ್ಕೆ ಕರೆತಂದಿದ್ದೆ. ಅಪ್ಪನನ್ನು ಒಮ್ಮೆ ನೋಡಲಿ ಎಂಬ ಆಸೆ. ಈ ಹುದ್ದೆಗಾಗಿ ಕುಲಪತಿಗಳ ಕೋಣೆಗೆ ನಾನು ಅಷ್ಟು ಅಲೆದದ್ದು ಯಾರಿಗಾಗಿ ಎಂದು ನಿನಗೆ ಗೊತ್ತೇ ಇದೆ. ಅಪ್ಪ ಆಕೆಗೆ ತಾವೇ ಬಡಿಸಿ, "ಎಷ್ಟು ಸೊರಗಿದ್ದೀಯಾ ಮಗಳೇ! ಆಫೀಸಲ್ಲಿ ಊಟಕ್ಕೂ ಬಿಡಲ್ವಾ?" ಎಂದರು. ಆಮೇಲೆ ನನ್ನ ಕಡೆ ಕೈತೋರಿಸಿ, "ಇವರು ನಿನ್ನ ಸ್ನೇಹಿತೆಯಾ?" ಎಂದು ಆಕೆಯನ್ನೇ ಕೇಳಿದರು. ಆಕೆ ತಲೆ ತಗ್ಗಿಸಿ ಊಟ ಮುಗಿಸಿದರು.

ಕಾರು ಹತ್ತುವಾಗ ನನ್ನ ಕೈ ಹಿಡಿದುಕೊಂಡು, "ಮೇಡಂ, ನಾನು ಬಂದ್ರೂ ಪ್ರಯೋಗಾಲಯ ಕಟ್ಟೋದಕ್ಕೇ ವರ್ಷಗಟ್ಟಲೆ ಬೇಕು. ನಿಮ್ಮ ತಂದೆಗೆ ಅಷ್ಟು ಕಾಲ ಇಲ್ಲ. ದಿನಾ ನಿಮ್ಮ ಮುಖ ನೋಡ್ಕೊಂಡು ಕೆಲಸ ಮಾಡೋದು ನನ್ನಿಂದ ಆಗಲ್ಲ" ಎಂದರು. ನಾನು ಕಾರಿನ ಬಾಗಿಲು ಹಾಕಿ ಒಳಗೆ ಬಂದೆ.

ಮತ್ತೆ ಜಾಹೀರಾತು ಕೊಡುತ್ತೇವೆ. ಯಾರಾದರೂ ಬಂದರೆ ಇನ್ಯಾರದೋ ಅಪ್ಪನಿಗೆ ಉಪಯೋಗವಾದೀತು. ಅದು ನನ್ನ ಕೆಲಸ, ಮಾಡುತ್ತೇನೆ.

ನೀನು ರಜೆ ಸಿಗಲಿ ಎಂದು ಕಾಯಬೇಡ, ಈ ವಾರವೇ ಹೊರಡು. ಬಂದವನು "ನಾನ್ಯಾರು ಹೇಳಿ ನೋಡೋಣ" ಎಂದು ಮಾತ್ರ ಕೇಳಬೇಡ. ಬಾಗಿಲಲ್ಲೇ ಹೆಸರು ಹೇಳಿಕೊಂಡು ಒಳಗೆ ಬಾ. ಅಪ್ಪ ನಿನ್ನನ್ನು "ಬನ್ನಿ" ಎಂದು ಕರೆದರೂ ನೊಂದುಕೊಳ್ಳದೆ, ಹೋಗಿ ಪಕ್ಕದಲ್ಲಿ ಕೂತುಕೋ.

ನಿನ್ನ ಅಕ್ಕ