ಮೂವತ್ತೆರಡು ಪುಟ ಉಳಿದಿದ್ದಾಗ

ಅತ್ತಿಯವರಿಗೆ, ನಿಮ್ಮ ಸೊಸೆ ಕೋಮಲಳ ಜಯ ಜಿನೇಂದ್ರ.

ಮೊದಲೇ ಹೇಳಿಬಿಡುತ್ತೇನೆ, ಇದು ಕಥೆಯಲ್ಲ. ಗಾಬರಿಯಾಗಿ ಕನ್ನಡಕ ತೆಗೆದಿಡಬೇಡಿ. ನಿಮ್ಮ ನೇಮ ಮುಗಿಯುವುದು ನಾಳೆ ಬೆಳಿಗ್ಗೆ, ಬಸದಿಯಲ್ಲಿ ದೀಪಾವಳಿಯ ನಿರ್ವಾಣ ಲಾಡು ಅರ್ಪಿಸಿದ ಮೇಲೆ. ಅಲ್ಲಿಯವರೆಗೆ ಅದಕ್ಕೆ ನನ್ನಿಂದ ಕೂದಲೆಳೆಯಷ್ಟೂ ಭಂಗ ಬರುವುದಿಲ್ಲ. ನೀವು ಈಗಾಗಲೇ ಕೇಳಿದ್ದನ್ನು, ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಒಂದಕ್ಷರ ಮುಂದೆ ಹೋದರೆ ಕೇಳಿ.

ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಮುಂದೆ ಕೂತು ಈ ಹುಡುಗಿ ಪತ್ರ ಯಾಕೆ ಬರೆಯುತ್ತಾಳೆ ಎಂದು ನಿಮ್ಮ ಮಗ ಜಿನೇಂದ್ರ ನಗುತ್ತಿದ್ದಾರೆ. ನಗಲಿ. ನಿಮ್ಮ ಬಲಗಿವಿ ಹೋಗಿ ನಾಲ್ಕು ವರ್ಷವಾಗಿತ್ತು, ದಸರಾ ಹೊತ್ತಿಗೆ ಎಡಗಿವಿಯೂ ಹೋಯಿತು. ನಾನು ಕೂಗಿ ಹೇಳಿದರೆ ಅಥಣಿಯ ಅರ್ಧ ಓಣಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಓಣಿಗೆ ಹೇಳುವ ಮಾತುಗಳಲ್ಲ ಇವು.

ಆರು ವರ್ಷದ ಹಿಂದೆ ನಿಪ್ಪಾಣಿಯಿಂದ ಈ ಮನೆಗೆ ಬರುವಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹತ್ತೊಂಬತ್ತು ಪುಸ್ತಕಗಳಿದ್ದವು. ಎಲ್ಲವೂ ಇಂಗ್ಲಿಷಿನವು. ಬೆಂಕಿ ಉಗುಳುವ ರೆಕ್ಕೆಯ ಸರ್ಪಗಳು, ಮುನಿಸಿಕೊಳ್ಳುವ ಯಂತ್ರಗಳು, ಇನ್ನೊಂದು ಸೂರ್ಯನ ಕಡೆಗೆ ಹೊರಟ ಹಡಗುಗಳು. ‘ದೊಡ್ಡ ಮನಿತನಾ ಅದು. ಇಂಥಾವ ನೋಡಿದ್ರ ಹುಡುಗಿಗಿ ಗಾಳಿ ಬಡದೈತಿ ಅಂತಾರ. ಹೊರಗ ತಗೀಬ್ಯಾಡ’ ಎಂದು ನನ್ನವ್ವ ಹೇಳಿ ಕಳಿಸಿದ್ದಳು. ನಾನು ಮಹಾಜಾಣೆ, ಅಟ್ಟದ ಮೇಲಿನ ಖಾಲಿ ಒಣದ್ರಾಕ್ಷಿ ಪೆಟ್ಟಿಗೆಗಳಲ್ಲಿ ಅವನ್ನು ತುಂಬಿ, ಮೇಲೆ ಪಟ್ಟಿ ಅಂಟಿಸಿಟ್ಟೆ. ದ್ರಾಕ್ಷಿ ಬೆಳೆಯುವ ಮನೆಯ ಹೆಂಗಸು ಪೆಟ್ಟಿಗೆ ಎತ್ತಿದ ಕೂಡಲೇ ಒಳಗೇನಿದೆ ಎಂದು ಹೇಳಬಲ್ಲಳು ಎಂಬಷ್ಟು ತಿಳಿವಳಿಕೆ ನನಗಿರಲಿಲ್ಲ. ಮಾಲು ಕಳಿಸುವ ದಿನ ನೀವು ಒಂದು ಪೆಟ್ಟಿಗೆ ಎತ್ತಿ, ಅಲ್ಲೇ ಇಳಿಸಿ, ‘ಇದು ಮನೂಕ ಅಲ್ಲ. ಮನೂಕ ಇಷ್ಟ ವಜ್ಜಾ ಇರೂದಿಲ್ಲ’ ಅಂದಿರಿ.

ನೀವು ಪಟ್ಟಿ ಕಿತ್ತು, ಮೇಲಿನ ಪುಸ್ತಕ ತೆಗೆದು, ರಟ್ಟಿನ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದಿರಿ. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ನೀವು ಕೇಳಿದ್ದು ಇಷ್ಟೇ: ‘ಈ ಹಲ್ಲಿ ಯಾಕ ಹಿಂಗ ಉಬ್ಬೇತಿ?’

ಅವತ್ತು ನಕ್ಕಿದ್ದು ಈ ಮನೆಯಲ್ಲಿ ನನ್ನ ಮೊದಲ ನಗು, ಅತ್ತಿ. ಅದಕ್ಕೂ ಮುಂಚೆ ನಾನು ನಕ್ಕಿದ್ದೆಲ್ಲ ಹೊಸ ಸೊಸೆಯ ಲೆಕ್ಕದ ನಗು.

ಆಮೇಲೆ ಆಗಿದ್ದೆಲ್ಲ ನಿಮ್ಮದೇ ಕಿತಾಪತಿ. ತೋಟದ ಶೆಡ್ಡಿನಲ್ಲಿ ನೀವು, ಕೆಲಸಕ್ಕೆ ಬರುವ ಕೆಂಚವ್ವ ಮತ್ತೆ ನಾಲ್ಕು ಹೆಂಗಸರು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂತಿದ್ದಿರಿ. ನಾನು ಮೂಲೆಯಲ್ಲಿ ಓದುತ್ತಿದ್ದೆ. ‘ಒಬ್ಬಾಕೀನ ಓದಿ ಒಬ್ಬಾಕೀನ ನಗತಿ. ನಮಗೂ ಹೇಳ. ಕೈಗಿ ಕೆಲಸ ಐತಿ, ಕಿವಿ ಖಾಲೀನ ಅದಾವ’ ಎಂದಿರಿ. ಇಂಗ್ಲಿಷಿನ ಒಂದು ಸಾಲು ಕಣ್ಣಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳುವುದು ಅವತ್ತು ಶುರುವಾಯಿತು. ಕೈಯಲ್ಲಿದ್ದದ್ದು ಇನ್ನೊಂದು ಸೂರ್ಯನ ಕಡೆಗೆ ಹೊರಟ ಹಡಗಿನ ಕಥೆಯ ಮೊದಲ ಸಂಪುಟ. ಆ ಹಡಗಿನ ಒಡತಿ ಮುದುಕಿಯನ್ನು ಏನೆಂದು ಕರೆಯಲಿ ಎಂದು ನಾನು ತಡವರಿಸಿದರೆ ‘ಗೌಡತಿ ಅನ್ನು’ ಎಂದಿರಿ. ಅವಳು ಗೌಡತಿಯೇ ಆದಳು.

ಅಲಖನೂರಿನ ಕೆಂಚವ್ವನ ಮನೆಯಲ್ಲಿ ಕುರಿ ಹಿಂಡಿದೆಯಲ್ಲ, ಅವಳ ಚಿಂತೆ ಬೇರೆ. ‘ಸಣ್ಣಕ್ಕಾರ, ಹಡಗದಾಗ ಕುರಿ ಅದಾವೇನ್ರಿ? ಕುರಿ ಇಲ್ಲಂದ್ರ ಹಿಕ್ಕಿ ಇಲ್ಲ, ಹಿಕ್ಕಿ ಇಲ್ಲಂದ್ರ ಬೆಳಿ ಎಲ್ಲೀದ್ರಿ?’ ಎಂದು ದಿನಾ ಕೇಳಿ ನನ್ನ ತಲೆ ತಿಂದಳು. ಹಡಗು ಹೊಸ ನೆಲ ಮುಟ್ಟಲು ಮುನ್ನೂರು ವರ್ಷ ಬೇಕು ಎಂದು ನಾನು ಕಣ್ಣರಳಿಸಿ ಓದಿದಾಗ ನೀವು ಮೂಗು ಮುರಿದಿರಿ. ‘ಮುನ್ನೂರಾ? ಇಷ್ಟ ಏನ?’ ಎಂದು, ಬಸದಿಯಲ್ಲಿ ಕೇಳಿದ್ದ ಕಾಲದ ಅಳತೆ ಹೇಳಿದಿರಿ. ಒಂದು ಯೋಜನ ಅಗಲದ, ಅಷ್ಟೇ ಆಳದ ಕುಣಿ. ಅದರ ತುಂಬ ಎಳೆ ಕುರಿಮರಿಯ ಕೂದಲ ತುಣುಕು. ನೂರು ವರ್ಷಕ್ಕೊಂದು ತುಣುಕು ತೆಗೆಯುತ್ತ ಹೋಗಿ ಕುಣಿ ಬರಿದಾದರೆ ಅದು ಒಂದು ಪಲ್ಯ. ‘ನಿನ್ನ ಪುಸ್ತಕ ಬರದಾಂವ ಇನ್ನೂ ಸಣ್ಣಾಂವ ಅದಾನ. ಕಲೀತಾನ ಬಿಡು’ ಎಂದಿರಿ. ‘ಮರಿ ಕೂದಲ ಬೇಕಾದ್ರ ನಮ್ಮ ಹಟ್ಟಿಗಿ ಬರ್ರಿ’ ಎಂದಳು ಕೆಂಚವ್ವ. ನಾನು ಪುಸ್ತಕ ಮುಚ್ಚಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಇಂಥ ಪುಸ್ತಕದ ಹುಚ್ಚರ ವಾಟ್ಸಾಪ್ ಗುಂಪು ನಿಮಗೆ ಗೊತ್ತಲ್ಲ, ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆಯ ಹದಿನಾಲ್ಕು ಮಂದಿ. ತಿಂಗಳ ಮೊದಲ ರವಿವಾರ ಚಿಕ್ಕೋಡಿಯ ಔಷಧಿ ಅಂಗಡಿ ಭರತ ಎಲ್ಲರನ್ನೂ ಕೇಳುತ್ತಾನೆ: ‘ಈಗ ಏನು ಓದಾಕತ್ತೀರಿ?’ ಒಬ್ಬರು ಮಂಗಳದ ಮೇಲೆ ಊರು ಕಟ್ಟುವ ಕಾದಂಬರಿ ಎನ್ನುತ್ತಾರೆ. ಇನ್ನೊಬ್ಬರು ಸಾವಿಲ್ಲದ ರಾಣಿಯ ಏಳನೆಯ ಸಂಪುಟದಲ್ಲಿರುತ್ತಾರೆ. ಮತ್ತೊಬ್ಬರಿಗೆ ಕನಸು ಕದಿಯುವ ಯಂತ್ರದ ಕಥೆ ನಿದ್ದೆ ಕೊಡುತ್ತಿಲ್ಲ. ಎರಡು ವರ್ಷ ನನ್ನದು ಒಂದೇ ಉತ್ತರ: ‘ಅದೇ ಹಡಗು, ಅತ್ತಿ ಜೋಡಿ.’ ಮೊದಮೊದಲು ನಕ್ಕರು. ಆಮೇಲೆ ‘ಈ ತಿಂಗಳು ನಿಮ್ಮ ಅತ್ತಿ ಏನಂದರು?’ ಎಂದು ಅವರೇ ಕಾಯತೊಡಗಿದರು. ಕಾಲದ ಕುಣಿಯ ಮಾತು ಆ ಗುಂಪಿನಲ್ಲಿ ವಾರಗಟ್ಟಲೆ ಓಡಿತು.

ಹಡಗಿನ ಕಥೆಯ ಮೂರನೆಯ, ಕೊನೆಯ ಸಂಪುಟವನ್ನು ಭರತ ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದು ಈ ಬೇಸಿಗೆಯಲ್ಲಿ. ಹಡಗಿನಲ್ಲಿ ಹಸಿವು. ಏಳು ತಲೆಮಾರು ಕಾಪಾಡಿದ ಬೀಜವನ್ನು ಬೇಯಿಸಿ ತಿನ್ನೋಣ ಎಂದು ಮಂದಿ ಗೌಡತಿಯ ಬಾಗಿಲು ಬಡಿಯುತ್ತಾರೆ. ಅವಳು ಕೊನೆಯ ಹಿಡಿ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಸೆರಗು ನಮ್ಮ ಅನುವಾದ, ಪುಸ್ತಕದಲ್ಲಿ ಜೇಬು. ಹಡಗು ನೆಲ ಮುಟ್ಟುತ್ತದೆ, ಅವಳು ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ ಬಿತ್ತುತ್ತಾಳೆ. ಅವತ್ತು ಶೆಡ್ಡಿನಲ್ಲಿ ಯಾರ ಕೈಯೂ ಆಡಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ನಾವು ಏಳಬೇಕಾಯಿತು. ಉಳಿದದ್ದು ಮೂವತ್ತೆರಡು ಪುಟ.

ಅದೇ ವಾರ ನಿಮ್ಮನ್ನು ಮಿರಜಿನ ಡಾಕ್ಟರಿಗೆ ತೋರಿಸಿದೆವು. ಎಡಗಿವಿಯೂ ಉಳಿಯುವುದಿಲ್ಲ, ಮೂರು ತಿಂಗಳೋ ಆರು ತಿಂಗಳೋ ಎಂದರು. ಯಂತ್ರ ಹಾಕಿದರೆ ಸದ್ದು ತಿಳಿದೀತು, ಮಾತು ತಿಳಿಯದು ಎಂದರು. ಬರುವ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಮೂವತ್ತೆರಡು ಪುಟ ತಾನೆ, ನಾಲ್ಕು ದಿನ ಸಾಕು.

ಮರುದಿನವೇ ಚಾತುರ್ಮಾಸ ಕೂತಿತು. ಅತಿ ಪ್ರೀತಿಯದೊಂದನ್ನು ದೀಪಾವಳಿಯವರೆಗೆ ಬಿಡಿ ಎಂದು ಮುನಿಮಹಾರಾಜರು ಬಸದಿಯಲ್ಲಿ ಹೇಳಿದರು. ನಮ್ಮ ಓಣಿಯ ಕಾಕಾಸಾಹೇಬ ಮಾವ ಎದ್ದು ನಿಂತು ಹಾಗಲಕಾಯಿ ಬಿಟ್ಟರು. ಜನ್ಮದಲ್ಲಿ ಹಾಗಲಕಾಯಿ ಮುಟ್ಟದ ಗಂಡಸು! ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ಒಬ್ಬರು ಚಹಾ ಬಿಟ್ಟರು, ಒಬ್ಬರು ಬೆಲ್ಲ ಬಿಟ್ಟರು. ನೀವು ಕೈಮುಗಿದು ಎದ್ದಿರಿ. ‘ಸೊಸಿ ಓದಿ ಹೇಳೂ ಕಥಿ ಬಿಟ್ಟೇನ್ರಿ’ ಅಂದಿರಿ.

ನನ್ನ ಮೈ ಉರಿದು ಹೋಯಿತು. ಆ ಸಿಟ್ಟಿನಲ್ಲಿ ಮನೆಗೆ ಬಂದು ನಾನು ಆಡಿದ ಮಾತು ನಿಮಗೂ ನೆನಪಿದೆ, ನನಗೂ ಇದೆ. ‘ಬ್ಯಾಸರಾ ಆಗಿದ್ರ ನೆಟ್ಟಗ ಹೇಳಬೇಕಿತ್ತು. ನಾಕ ಮಂದ್ಯಾಗ ನನ್ನ ಪುಸ್ತಕಾ ಪಾಪ ಅಂತ ತೋರಿಸಿದ್ರಿ’ ಎಂದೆ. ಎಂಟು ದಿನ ನಿಮ್ಮೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಅದೂ ಸಾಲದೆ, ಅಂಗಳದಲ್ಲಿ ಕೆಂಚವ್ವನನ್ನು ಕೂಡಿಸಿಕೊಂಡು, ಪಡಸಾಲೆಗೆ ಕೇಳಿಸುವಂತೆ ಹಿಂದಿನ ಸಂಪುಟವನ್ನೇ ಗಟ್ಟಿಯಾಗಿ ಓದಿದೆ. ನೀವು ಒಳ್ಳೆಯ ಕಿವಿಯನ್ನು ಗೋಡೆಗೆ ಮಾಡಿ, ಕೆಟ್ಟ ಕಿವಿಯನ್ನು ನನ್ನ ಕಡೆ ಮಾಡಿ ಕೂತಿರಿ. ನನ್ನ ಆ ಸಣ್ಣತನಕ್ಕೆ ಇವತ್ತು ಕ್ಷಮೆ ಕೇಳುತ್ತೇನೆ. ಪರ್ಯೂಷಣದ ಕೊನೆಗೆ ಎಲ್ಲರ ಜೊತೆ ಕೇಳಿದ್ದು ಲೆಕ್ಕಕ್ಕಿಲ್ಲ, ಅದು ವಾಡಿಕೆಯ ಕ್ಷಮೆ. ಇದು ನನ್ನದು.

ನನಗೆ ಬುದ್ಧಿ ಹೇಳಿದವಳು ಕೆಂಚವ್ವ. ‘ಹುಚ್ಚಿ ಏನ್ರಿ ಸಣ್ಣಕ್ಕಾರ? ಆ ಮಾಮಾರು ಹಾಗಲಕಾಯಿ ಬಿಟ್ಟಾರ, ನಮ್ಮ ದೊಡ್ಡಕ್ಕಾರು ನಿಮ್ಮ ಕಥಿ ಬಿಟ್ಟಾರ. ಪ್ರೀತಿ ಯಾತರ ಮ್ಯಾಲ ಇತ್ತು ಅಂತ ತಿಳೀಲಿಲ್ಲೇನ?’ ಎಂದಳು. ಪುಸ್ತಕ ಅಲ್ಲೇ ಬಿಟ್ಟು ಎದ್ದು ಬಂದೆ. ನೀವು ಹೆಸರುಕಾಳು ಆರಿಸುತ್ತಿದ್ದಿರಿ. ಎಡಕ್ಕೆ ಕೂತು, ‘ದೀಪಾವಳಿ ತನಕ ಕಿವಿ ಇರದಿದ್ರ ಏನ್ ಮಾಡ್ತೀರಿ ಅತ್ತಿ?’ ಎಂದೆ. ನೀವು ಕಾಳಿನಿಂದ ಕಣ್ಣೆತ್ತದೆ ಹೇಳಿದಿರಿ: ‘ಕಿವಿ ಹ್ವಾದ ಮ್ಯಾಲ ಕಥಿ ಬಿಟ್ಟೆ ಅಂದ್ರ ಅದು ಬಿಟ್ಟಂಗ ಏನ? ಅದು ಹಾಗಲಕಾಯಿ ಆಕ್ಕೈತಿ. ಕೇಳಸ್ತಿರತನಾನ ಬಿಡಬೇಕು.’ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟು ಅಂದಿರಿ, ‘ಬೀಜ ಹುಟ್ಟೂದಿದ್ರ ನಾ ಕೇಳಲಿಲ್ಲಂದ್ರೂ ಹುಟ್ಟತೈತಿ.’

ನಾನು ಅಡುಗೆಮನೆಗೆ ಹೋಗಿ ಅತ್ತೆ. ನನ್ನ ಹುಚ್ಚನ್ನು ಗಾಳಿ ಬಡಿತ ಎಂದವರಿದ್ದರು, ಟೈಂಪಾಸ್ ಎಂದವರಿದ್ದರು. ಪೆಟ್ಟಿಗೆಯಲ್ಲಿ ಅಡಗಿಸಿಟ್ಟವಳು ನಾನೇ. ಅದನ್ನು ಎಲ್ಲಕ್ಕಿಂತ ಪ್ರೀತಿಯದೆಂದು ಮುನಿಗಳ ಮುಂದೆ ಎದ್ದು ನಿಂತು ಹೇಳಿದವರು ನೀವೊಬ್ಬರೇ.

ಕಿವಿ ಕಾಯಲಿಲ್ಲ. ದಸರೆಯ ಖಂಡೇಪೂಜೆಯ ದಿನ ಜಿನೇಂದ್ರ ಹಿಂದಿನಿಂದ ಮೂರು ಸಲ ‘ಅವ್ವಾ’ ಎಂದು ಕರೆದರು, ನೀವು ತಿರುಗಲಿಲ್ಲ. ಆಮೇಲೆ ನಮ್ಮ ಮುಖ ನೋಡಿ, ‘ಹೋತಲ್ಲ? ಹೋಗ್ಲಿ ಬಿಡ್ರಿ, ಎಪ್ಪತ್ತು ವರ್ಷ ದುಡದೈತಿ’ ಎಂದು ಸಮಾಧಾನ ಹೇಳಿದವರೂ ನೀವೇ.

ಮರುದಿನ ನಿಮ್ಮ ಮಗ ಪ್ಯಾಟಿಯಿಂದ ಇನ್ನೂರು ಪುಟದ ನೋಟುಬುಕ್ಕು, ದಪ್ಪ ಮೊನೆಯ ಪೆನ್ನು ತಂದುಕೊಟ್ಟರು. ನೀವು ಬಸದಿಯ ಸ್ತೋತ್ರದ ಪುಸ್ತಕ ಓದುವುದು ನೋಡಿದ್ದೇನಲ್ಲ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದೆ. ಬಾಯಲ್ಲಿ ಸಲೀಸಾಗಿ ಬಂದದ್ದು ಕೈಗೆ ಬರಲಿಲ್ಲ. ಒಂದು ಪುಟಕ್ಕೆ ನಾಲ್ಕು ಪುಟ ಹರಿದೆ. ಮಾತು ಸಿಗದಿದ್ದಾಗ ಕಣ್ಣು ಮುಚ್ಚಿ, ಶೆಡ್ಡಿನಲ್ಲಿ ಕೂತಿದ್ದೇನೆ, ಅತ್ತಿಯ ಎಡಕ್ಕಿದ್ದೇನೆ ಎಂದುಕೊಂಡು ಬರೆದೆ. ಆಗ ಬಂತು. ಈ ತಿಂಗಳ ರವಿವಾರ ಭರತ ಏನು ಓದುತ್ತಿದ್ದೀರಿ ಎಂದಾಗ ‘ಓದುತ್ತಿಲ್ಲ, ಬರೆಯುತ್ತಿದ್ದೇನೆ’ ಎಂದು ಉತ್ತರಿಸಿದೆ. ಹದಿಮೂರು ಮಂದಿಯೂ ಒಂದೊಂದು ಪ್ರತಿ ಬೇಕೆಂದಿದ್ದಾರೆ. ಮೊದಲು ಅತ್ತಿ ಎಂದಿದ್ದೇನೆ. ಭರತ ಹೋದ ವಾರ ಅಥಣಿಗೆ ಬಂದಿದ್ದಾಗ ಕೆಂಚವ್ವ ಅವನ ದಾರಿಗಡ್ಡ ನಿಂತು ‘ಮೊಳಕಿ ಒಡೀತೇನ್ರಿ?’ ಎಂದು ಕೇಳಿದಳಂತೆ. ಪಾಪ, ಕೊನೆ ಗೊತ್ತಿದ್ದೂ ಬಾಯಿ ಬಿಡದೆ ಓಡಿಹೋದ.

ಈಗ ಒಂದು ಗುಟ್ಟು ಹೇಳುತ್ತೇನೆ. ಇದು ಕಥೆಯೊಳಗಿನದಲ್ಲ, ನಮ್ಮ ಮನೆಯದು. ಆ ನೋಟುಬುಕ್ಕಿನಲ್ಲಿರುವುದು ಮೂವತ್ತು ಪುಟದ ಕನ್ನಡ. ಕೊನೆಯ ಎರಡು ಪುಟ ನಾನೂ ಓದಿಲ್ಲ. ತೆರೆಯದಂತೆ ಅವಕ್ಕೆ ಟಾಚಣಿ, ಅದೇ ಗುಂಡುಸೂಜಿ, ಚುಚ್ಚಿಟ್ಟಿದ್ದೇನೆ. ಯಾರಾದರೂ ಬಾಯಿ ಬಿಟ್ಟಾರೆಂದು ಗುಂಪಿನಲ್ಲಿ ಆ ಪುಸ್ತಕದ ಮಾತೇ ಬೇಡ ಎಂದು ಕೈಮುಗಿದಿದ್ದೇನೆ. ಎಷ್ಟೋ ಮಧ್ಯಾಹ್ನ ಆ ಟಾಚಣಿಯ ಮೇಲೆ ಬೆರಳಿಟ್ಟು, ತೆಗೆಯದೆ ಎದ್ದಿದ್ದೇನೆ. ಪ್ರೀತಿಯದನ್ನು ಬಿಡುವುದೆಂದರೆ ಏನೆಂದು ಆಗ ಸ್ವಲ್ಪ ತಿಳಿಯಿತು.

ನಾಳೆ ನೀವು ಬಸದಿಯಿಂದ ಬಂದು ಲಾಡು ತಿಂದ ಮೇಲೆ ಆ ಮೂವತ್ತು ಪುಟ ಸಾವಕಾಶವಾಗಿ ಓದಿ. ಕೆಂಚವ್ವ ಹಬ್ಬದ ರಜೆ ಬೇಡವೆಂದು ಬಂದು ಕೂರುತ್ತಾಳಂತೆ. ಅವಳಿಗೆ ನೀವೇ ಗಟ್ಟಿಯಾಗಿ ಓದಿ ಹೇಳಬೇಕು, ಈಗ ನಿಮ್ಮ ಪಾಳಿ. ಅದು ಮುಗಿದ ಮೇಲೆ ನಾನು ನಿಮ್ಮ ಪಕ್ಕ ಕೂತು ಟಾಚಣಿ ತೆಗೆಯುತ್ತೇನೆ. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ, ಅಲ್ಲೇ ಕನ್ನಡದಲ್ಲಿ ಬರೆಯುತ್ತೇನೆ. ನೀವು ನನ್ನ ಪೆನ್ನಿನ ತುದಿ ನೋಡುತ್ತಿರಿ. ಆ ಬೀಜ ಮಣ್ಣೊಡೆದು ಬಂದರೆ ಇಬ್ಬರೂ ಒಂದೇ ಸಾಲಿನಲ್ಲಿ ನೋಡೋಣ. ಬರದಿದ್ದರೂ ಒಟ್ಟಿಗೇ ನೋಡೋಣ.

ನಿಮ್ಮ ಕಣ್ಣಿಗೆ ನೂರು ವರ್ಷ ಆಯಸ್ಸಿರಲಿ ಅತ್ತಿ. ಅಟ್ಟದ ಮೇಲೆ ಇನ್ನೂ ಹದಿನೇಳು ಪುಸ್ತಕಗಳಿವೆ, ನನ್ನ ಕೈ ಗಟ್ಟಿ ಇದೆ.

ನಿಮ್ಮ ಎಡಕ್ಕೆ ಕೂರುವವಳು,
ಕೋಮಲ