ಈರಕ್ಕನ ರೂಮ್‌ಮೇಟ್

ಜೂನ್ 9, ಕೊಟ್ಟೂರು
ಬೆಳಿಗ್ಗೆ ಎಂಟನೇ ಕ್ಲಾಸಿನ ಹುಡುಗಿಯರಿಗೆ ಡ್ರಿಲ್. ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಈರಕ್ಕ. ಎಂಟುನೂರು ಮೀಟರ್, ನ್ಯಾಷನಲ್ ಚಿನ್ನ. ಗುಡೇಕೋಟೆಯ ಕುರಿ ಕಾಯುವವರ ಮಗಳು.
"ನಿಮ್ಮ ರೂಮ್‌ಮೇಟ್ ಅಲ್ಲೇನ್ರಿ ಅರ್ಚನಾ ಮೇಡಂ?"
ಹೌದು. ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ. ಮೊದಲೆರಡು ವರ್ಷ ಅವಳು ಓಡಿದ್ದು ನನ್ನ ಬೆನ್ನು ನೋಡಿಕೊಂಡು. ಅದನ್ನು ಯಾರೂ ಕೇಳಲಿಲ್ಲ. ನನ್ನ ಮೊಣಕಾಲು ಹೋಯಿತು, ಅವಳು ಮುಂದೆ ಹೋದಳು. ನಾನೀಗ ಗೆಸ್ಟ್ ಪಿ.ಟಿ. ಟೀಚರ್.

ಜೂನ್ 14
ಮಾಜಿ ಮಂತ್ರಿ ಪಾಲಾಕ್ಷಪ್ಪ ಫೇಸ್‌ಬುಕ್‌ನಲ್ಲಿ ಈರಕ್ಕನ ಫೋಟೊ ಹಾಕಿದ್ದಾನೆ. ಅವನು ಇಟ್ಟುಕೊಂಡ ಸನ್ಮಾನಕ್ಕೆ ಅವಳು ಹೋಗಲಿಲ್ಲವಂತೆ. ಆ ಸಿಟ್ಟು. 'ಈ ಭುಜ, ಈ ಎದೆ. ಹೆಣ್ಣೋ ಗಂಡೋ ನೀವೇ ಹೇಳಿ.' ಕೆಳಗೆ ಒಂಬತ್ತು ಸಾವಿರ ನಗುವ ಮುಖಗಳು.
ನನ್ನ ಹೊಟ್ಟೆ ತಣ್ಣಗಾಯಿತು. ಇಲ್ಲಿಯಾದರೂ ನಿಜ ಬರೆಯಬೇಕಲ್ಲ — ತಣ್ಣಗಾಯಿತು.

ಜೂನ್ 15
ಸುಳ್ಳು ಹೆಸರಿನ ಅಕೌಂಟಿನಿಂದ ಅವನ ಪೋಸ್ಟಿನ ಕೆಳಗೆ ಒಂದು ಸಾಲು ಹಾಕಿದೆ. 'ನಾನು ಅವಳ ರೂಮ್‌ಮೇಟ್. ಯಾರ ಮುಂದೆಯೂ ಬಟ್ಟೆ ಬದಲಿಸುತ್ತಿರಲಿಲ್ಲ.'
ಸುಳ್ಳಲ್ಲ. ಅವಳಿಗೆ ನಾಚಿಕೆ ಜಾಸ್ತಿ, ಅಷ್ಟೆ. ಅದನ್ನು ಬರೆಯಲಿಲ್ಲ.

ಜೂನ್ 17
ಪಾಲಾಕ್ಷಪ್ಪ ನನ್ನ ಸಾಲಿನ ಸ್ಕ್ರೀನ್‌ಶಾಟ್ ಹಾಕಿದ್ದಾನೆ. 'ರೂಮ್‌ಮೇಟೇ ಸಾಕ್ಷಿ.' ಟಿವಿಯಲ್ಲೂ ಬಂತು. ನನ್ನದನ್ನು ಅಳಿಸಿದೆ. ಅವನದು ಹಾಗೇ ಇದೆ.

ಜುಲೈ 6
ಈರಕ್ಕ ಕೇಸು ಹಾಕಿದ್ದಾಳೆ. ಸೈಬರ್ ಠಾಣೆಯಲ್ಲಿ ಕಂಪ್ಲೇಂಟು, ಕೋರ್ಟಿನಲ್ಲಿ ಮಾನನಷ್ಟ. ಲಾಯರ್ ಕೂಡ್ಲಿಗಿಯ ಗೀತಮ್ಮ. ಪೇಪರಿನಲ್ಲಿ ದೊಡ್ಡ ಫೋಟೊ, 'ದಿಟ್ಟೆ' ಅಂತ. ಗೆದ್ದರೂ ಅವಳೇ, ಬೈಸಿಕೊಂಡರೂ ಅವಳೇ. ನನ್ನನ್ನು ಬೈಯುವಷ್ಟಾದರೂ ಯಾರಿಗೆ ಗೊತ್ತು?

ಜುಲೈ 13, ಸಂಜೆ
ಈರಕ್ಕ ಮನೆಗೆ ಬಂದಿದ್ದಳು! ಅವ್ವ ಒಗ್ಗರಣೆ ಮಂಡಕ್ಕಿ ಕೊಟ್ಟರೆ ಮುಟ್ಟಲಿಲ್ಲ.
"ರೂಮಿನಾಗ ಆರು ಮಂದಿ ಇದ್ವಿ. ಆ ಸಾಲು ಯಾರು ಬರದಾರೋ ಗೊತ್ತಿಲ್ಲ. ನಾಕು ಮಂದಿನ್ನ ಕೇಳಿದೆ, ಪಾಲಾಕ್ಷಪ್ಪ ಅಂದ ಕೂಡ್ಲೇ ಹೆದರ್ತಾರ. ನೀನು ಬಂದು ನನ್ನ ಪರ ಸ್ಟೇಟ್‌ಮೆಂಟ್ ಕೊಡ್ತಿ ಏನು?"
"ಟೆಸ್ಟ್ ಮಾಡಿಸಿ ರಿಪೋರ್ಟ್ ತೋರ್ಸಿಬಿಡು ಲೇ, ಮುಗೀತದ," ಅಂದೆ.
"ನಾ ಯಾಕ ತೋರಿಸ್ಲಿ? ಮಂದಿ ನಗ್ತಾರಂತ ನಮ್ಮಪ್ಪ ಕುರಿ ಸಂತಿಗೆ ಹೋಗೋದು ಬಿಟ್ಟಾನ. ಆದ್ರೂ ತೋರ್ಸಂಗಿಲ್ಲ."
ಹೊರಡುವಾಗ ಕೇಳಿದಳು: "ಮೊಣಕಾಲು ನೋವು ಕಡಿಮಿ ಆತೇನು?"
ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಜುಲೈ 21
ಕೂಡ್ಲಿಗಿಗೆ, ಲಾಯರ್ ಆಫೀಸಿಗೆ ಹೋದೆ. ಈರಕ್ಕನೂ ಇದ್ದಳು. ಗೀತಮ್ಮ ಅವರು ಟೈಪ್ ಮಾಡಿಸಿದ್ದ ನನ್ನ ಹೇಳಿಕೆಯನ್ನು ಓದಿದರು. 'ನಾನು ಈರಕ್ಕನ ಆಪ್ತ ಗೆಳತಿ...' ಪೆನ್ನು ಕೊಟ್ಟರು. ಪೆನ್ನನ್ನು ಮೇಜಿನ ಮೇಲಿಟ್ಟೆ.
"ಆ ಕಮೆಂಟ್ ಹಾಕಿದ್ದು ನಾನ ರೀ."
"ಏನು ಹೇಳಾಕತ್ತೀಯವ್ವ, ಗೊತ್ತೈತಿಲ್ಲ? ಕೇಸಿನಾಗ ನಿನ್ನ ಹೆಸರೂ ಬರ್ತೈತಿ."
ಈರಕ್ಕ ಕೇಳಿದ್ದು ಒಂದೇ. "ಯಾಕ?"
"ನೀ ನನ್ನ ಹಿಂದ ಓಡ್ತಿದ್ದಿ." ಬಾಯಿಗೆ ಅಷ್ಟೇ ಬಂತು.
ಎದ್ದು ಹೋದಳು. ನಾನು ಎಲ್ಲವನ್ನೂ ಬರೆದು ಸಹಿ ಹಾಕಿದೆ.

ಆಗಸ್ಟ್ 29
ಕೋರ್ಟಿನ ಆದೇಶ ಬಂತು. ಪಾಲಾಕ್ಷಪ್ಪ ಎಲ್ಲ ಪೋಸ್ಟು ತೆಗೆಯಬೇಕು, ಅವಳ ಬಗ್ಗೆ ಇನ್ನು ಬರೆಯಕೂಡದು. ನನ್ನ ಹೇಳಿಕೆಯಿಂದಲೇ ಅವನ 'ಸಾಕ್ಷಿ' ಬಿದ್ದುಹೋಯಿತು ಎಂದು ಗೀತಮ್ಮ ಫೋನ್ ಮಾಡಿದರು. ಮಾನನಷ್ಟದ ಕೇಸು ಮುಂದುವರಿಯುತ್ತದೆ — ನನ್ನ ಮೇಲೂ. ಶಾಲೆಯವರು ಸದ್ಯಕ್ಕೆ ಬರಬೇಡಿ ಎಂದಿದ್ದಾರೆ.
ಈರಕ್ಕ ಫೋನ್ ಮಾಡಿಲ್ಲ.

ಸೆಪ್ಟೆಂಬರ್ 14, ಸಂಜೆ 5.40
ಟಿವಿಯಲ್ಲಿ ಅವಳ ಎಂಟುನೂರು ಮೀಟರ್ ಫೈನಲ್. ಸೋಲಲಿ ಅಂದುಕೊಂಡೇ ಕೂತೆ, ಇವತ್ತೂ. ಮೂರನೆಯವಳಾದಳು. ಖುಷಿಯಾಗಬೇಕಿತ್ತು.
ಅವಳ ನಂಬರಿಗೆ ಮೆಸೇಜ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. 'ಕೊನೇ ತಿರುವಿನಾಗ ಭುಜ ಬಿಗಿ ಹಿಡದಿ. ಸಡಿಲ ಬಿಡಬೇಕಿತ್ತು ಲೇ.' ಕಳಿಸಿದೆ.
ಓದಿದ್ದಾಳೆ. ಏನೋ ಟೈಪ್ ಮಾಡುತ್ತಿದ್ದಾಳೆ. ನಿಲ್ಲಿಸಿದಳು. ಮತ್ತೆ ಟೈಪ್ ಮಾಡುತ್ತಿದ್ದಾಳೆ.